ಅಂಕ ಕಡಿಮೆ ಬಂದ ಮಗುವಿಗೆ ಬೆತ್ತ ಬೇಡ, ಹರಕೆಯೊಂದೇ ಸಾಲದು

ಮಾನ್ಯರೇ,

ಮೊದಲ ಎಫ್‌ಎ (ತರಗತಿಯ ಕಿರುಪರೀಕ್ಷೆ) ಮುಗಿದು ಉತ್ತರ ಪತ್ರಿಕೆಗಳು ಪೋಷಕರ ಸಹಿಗೆಂದು ಮನೆಗೆ ಬರುವ ಕಾಲ ಇದು. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಈಗ ಎರಡು ಮಾತು ಹೆಚ್ಚಾಗಿ ಕೇಳಿಸುತ್ತವೆ. ಒಂದು, "ಇವನಿಗೆ ಓದಿನ ಮೇಲೆ ಮನಸ್ಸೇ ಇಲ್ಲ, ಶುದ್ಧ ಸೋಮಾರಿ." ಇನ್ನೊಂದು, "ಪ್ರಾರ್ಥನೆ ಮಾಡ್ತಾ ಇದ್ದೇವೆ, ದೇವರು ದಾರಿ ತೋರಿಸ್ತಾರೆ." ಮೊದಲನೆಯದು ಬಹುತೇಕ ಸುಳ್ಳು. ಎರಡನೆಯದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಮಗುವಿನ ಒಂದು ವರ್ಷ ಕಳೆದುಹೋಗುತ್ತದೆ. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಏನಾದರೊಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹುಡುಕಿ ತೆಗೆಯುವುದು ಹೆತ್ತವರ ಮೊದಲ ಕೆಲಸ. ಹಾಗೆ ಹುಡುಕಲು ಹೊರಡುವುದೇ ಅಪನಂಬಿಕೆ ಎನ್ನುವವರು ನಮ್ಮ ಸಭೆಗಳಲ್ಲಿ ಇದ್ದಾರಾದ್ದರಿಂದ ಈ ಪತ್ರ.

ಮೊದಲು ತಾಯಂದಿರ ಮನಸ್ಸಿನ ಭಾರದ ಮಾತು. "ನಾವು ಏನು ತಪ್ಪು ಮಾಡಿದೆವೋ, ಅದಕ್ಕೇ ದೇವರು ಇಂಥ ಮಗು ಕೊಟ್ಟರು" ಎನ್ನುವವರು ಯೋಹಾನನ ಸುವಾರ್ತೆಯ 9ನೇ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಹುಟ್ಟುಕುರುಡನನ್ನು ಕಂಡು "ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ" ಎಂದು ಕೇಳಿದವರು ಹೊರಗಿನವರಲ್ಲ, ಶಿಷ್ಯರೇ. ಇಬ್ಬರೂ ಅಲ್ಲ ಎಂದರು ಯೇಸುಸ್ವಾಮಿ. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಮಣ್ಣು ಕಲಸಿ ಕಣ್ಣಿಗೆ ಹಚ್ಚಿದರು, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೋ ಎಂದರು. ಅಂದರೆ ಆ ಮನುಷ್ಯನೂ ಎದ್ದು ಕೊಳದವರೆಗೆ ನಡೆಯಬೇಕಾಯಿತು.

ನಮ್ಮ ನಡಿಗೆಯೂ ಕಣ್ಣಿನಿಂದಲೇ ಶುರುವಾಗಲಿ. ಬೋರ್ಡ್ ನೋಡಿ ಬರೆದ ಒಂದು ಪುಟವನ್ನೂ ಪುಸ್ತಕ ನೋಡಿ ಬರೆದ ಒಂದು ಪುಟವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪುಸ್ತಕದ್ದು ಸರಿಯಿದ್ದು ಬೋರ್ಡಿನದ್ದರಲ್ಲಿ ಮಾತ್ರ ಪದಗಳು ಬಿಟ್ಟುಹೋಗಿದ್ದರೆ, ಅಂಕಿಗಳು ತಪ್ಪಿದ್ದರೆ, ದೂರದ ದೃಷ್ಟಿ ಮಂದವಾಗಿರಬಹುದು. ಮಗು ದೂರು ಹೇಳುವುದಿಲ್ಲ. ಎಲ್ಲರಿಗೂ ಹೀಗೇ ಕಾಣುತ್ತದೆ ಎಂದೇ ಅದು ತಿಳಿದಿರುತ್ತದೆ. ಕಿವಿಯದೂ ಇದೇ ಕಥೆ. ಮಳೆಗಾಲದಲ್ಲಿ ಮತ್ತೆ ಮತ್ತೆ ನೆಗಡಿಯಾಗುವ ಮಕ್ಕಳ ಕಿವಿಯ ಒಳಗೆ, ತಮಟೆಯ ಹಿಂದೆ, ನೀರು ಕಟ್ಟಿಕೊಳ್ಳುತ್ತದೆ. ನೋವಿಲ್ಲ, ಸೋರುವುದಿಲ್ಲ, ಕೇಳಿಸುವುದು ಮಾತ್ರ ಮಂದ. ಮಗುವಿನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರ ನಿಂತು ಮೆಲ್ಲಗೆ 'ಕಾಳಿ, ಗಾಳಿ, ತನ, ದನ' ಎಂದು ಒಂದೊಂದಾಗಿ ಹೇಳಿ, ಮಗು ತಿರುಗಿ ಹೇಳಲಿ. ತಡವರಿಸಿದರೆ ಕಿವಿ ಡಾಕ್ಟರ ಬಳಿ ಹೋಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ತಪಾಸಣೆಯೂ ಕಲಿಕೆಯ ತೊಂದರೆಯ ತಪಾಸಣೆಯೂ ಒಂದೇ ಕಡೆ ಆಗುತ್ತವೆ.

ರಕ್ತಹೀನತೆಯನ್ನು ಮರೆಯುವವರೇ ಹೆಚ್ಚು. 5ರಿಂದ 11 ವರ್ಷದ ಮಗುವಿಗೆ ಹಿಮೋಗ್ಲೋಬಿನ್ 11.5 ಗ್ರಾಂಗಿಂತ ಕೆಳಗಿದ್ದರೆ, 12ರಿಂದ 14 ವರ್ಷದವರಿಗೆ 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಬೆಳಗಿನ ಎರಡನೇ ಪೀರಿಯಡ್‌ಗೇ ತಲೆ ಡೆಸ್ಕಿಗೆ ಒರಗುವುದು ಇದರಿಂದಲೂ ಆಗುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು, ವಾಕರಿಕೆ ಬರುತ್ತದೆ ಎಂದು, ಕಿಟಕಿಯಿಂದ ಆಚೆ ಎಸೆಯುವ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ನಿದ್ದೆ 12 ವರ್ಷದವರೆಗೆ ದಿನಕ್ಕೆ 9 ಗಂಟೆಗೆ ಕಡಿಮೆಯಾಗಬಾರದು, ಹೈಸ್ಕೂಲಿನವರಿಗೆ 8 ಗಂಟೆಗೆ. ಇನ್ನೊಂದು ಸೂಕ್ಷ್ಮ: ಮಾತಾಡುತ್ತಿದ್ದ ಮಗು ನಡುವೆ ಹತ್ತು ಸೆಕೆಂಡು ಕಣ್ಣು ನೆಟ್ಟು ಸ್ತಬ್ಧವಾಗಿ, ಕರೆದರೂ ಓಗೊಡದೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತದೆಯೇ? ದಿನಕ್ಕೆ ಹಲವು ಸಲ ಹೀಗಾಗುತ್ತಿದ್ದರೆ ಅದು ಹಗಲುಗನಸು ಅಲ್ಲದಿರಬಹುದು, ಒಂದು ಬಗೆಯ ಅಪಸ್ಮಾರವೂ ಇರಬಹುದು. ಔಷಧಿಯಿದೆ. ದಯವಿಟ್ಟು ದೆವ್ವದ ಮಾತು ಬೇಡ.

ಇಷ್ಟೆಲ್ಲ ಸರಿಯಿದ್ದೂ ಓದು ಏರುತ್ತಿಲ್ಲವೆಂದರೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಮಗು ಐದನೆಯ ತರಗತಿಯಲ್ಲಿದ್ದರೆ ಮೂರನೆಯ ತರಗತಿಯ ಕನ್ನಡ ಪುಸ್ತಕ ತನ್ನಿ. ಮಗು ಓದಿ ಬಾಯಿಪಾಠವಾಗಿರದ ಪಾಠವೊಂದರಲ್ಲಿ 100 ಪದ ಎಣಿಸಿ ಗೆರೆ ಹಾಕಿ. ಮಗು ಗಟ್ಟಿಯಾಗಿ ಓದಲಿ. ನೀವು ತಿದ್ದಬೇಡಿ, 'ಉಹೂಂ' ಎನ್ನಲೂ ಬೇಡಿ. ತಪ್ಪಿದ ಪದ, ಬಿಟ್ಟ ಪದ, ಬದಲಿಗೆ ಹೇಳಿದ ಪದ, ಮೂರನ್ನೂ ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ತಪ್ಪು 5ರೊಳಗಿದ್ದರೆ ಆ ಪುಸ್ತಕವನ್ನು ಮಗು ತಾನಾಗಿ ಓದಬಲ್ಲದು. 5ರಿಂದ 10 ಇದ್ದರೆ ಪಕ್ಕದಲ್ಲೊಬ್ಬರು ಬೇಕು. 10 ದಾಟಿದರೆ ಇನ್ನೊಂದು ತರಗತಿ ಕೆಳಗಿಳಿಯಿರಿ. ಈ ಲೆಕ್ಕ ಇಂಗ್ಲಿಷ್ ಓದಿನಿಂದ ಬಂದದ್ದು. ಕನ್ನಡದಲ್ಲಿ 'ಬರುತ್ತಿದ್ದವರಿಗೆಲ್ಲ' ಎಂಬುದೂ ಒಂದೇ ಪದವಾದ್ದರಿಂದ ಒಂದೆರಡು ತಪ್ಪನ್ನು ಉದಾರವಾಗಿ ಬಿಟ್ಟುಕೊಡಬಹುದು.

ಈಗ ಮುಖ್ಯ ಭಾಗ. ಮುಂದಿನ ಪುಟವನ್ನು ನೀವೇ ಓದಿ ಹೇಳಿ, ನಾಲ್ಕು ಪ್ರಶ್ನೆ ಕೇಳಿ. ಕಿವಿಯಲ್ಲಿ ಕೇಳಿದ್ದಕ್ಕೆ ಸರಿ ಉತ್ತರ, ತಾನು ಓದಿದ್ದಕ್ಕೆ ತಪ್ಪು ಉತ್ತರ ಎಂದಾದರೆ ಬುದ್ಧಿಗೆ ಏನೂ ಆಗಿಲ್ಲ. ಅಕ್ಷರವನ್ನು ಸದ್ದಾಗಿ ಬಿಡಿಸುವ ಕಡೆ ತೊಡಕಿದೆ. ಕೇಳಿದ್ದಕ್ಕೂ ಉತ್ತರವಿಲ್ಲವೆಂದರೆ ಮೊದಲು ಭಾಷೆಯ ಕಡೆ ನೋಡಿ. ಮನೆಯಲ್ಲಿ ಕೊಂಕಣಿ ಅಥವಾ ತುಳು, ಆಟದ ಬಯಲಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಇರುವ ಮಗು ವಿಜ್ಞಾನದ ಪಾಠವನ್ನು ನಿರರ್ಗಳವಾಗಿ ಓದಿ ಒಂದಕ್ಷರವೂ ಅರ್ಥವಾಗದೆ ಕೂತಿರಬಹುದು. ಅಂಥ ಮಗುವಿಗೆ ಟ್ಯೂಷನ್ನಿನಲ್ಲಿ ಮತ್ತೆ ಇಂಗ್ಲಿಷಿನಲ್ಲೇ ಪ್ರಶ್ನೋತ್ತರ ಬರೆಸಿ ಪ್ರಯೋಜನವಿಲ್ಲ. ಪಾಠದ ಅರ್ಥವನ್ನು ಹಿಂದಿನ ರಾತ್ರಿ ಮನೆಮಾತಿನಲ್ಲಿ ಹತ್ತು ನಿಮಿಷ ಹೇಳಿ ಕಳಿಸಿದರೆ ಮರುದಿನ ತರಗತಿಯಲ್ಲಿ ಹಿಡಿದುಕೊಳ್ಳಲು ಒಂದು ಹಗ್ಗ ಸಿಗುತ್ತದೆ. ಕೇಳಿದ್ದೂ ಓದಿದ್ದೂ ಮನೆಮಾತಿನಲ್ಲಿ ಹೇಳಿದ್ದೂ ಯಾವುದೂ ಹತ್ತದಿದ್ದರೆ ತಜ್ಞರ ಬಳಿ ಹೋಗಲು ತಡಮಾಡಬೇಡಿ.

ಅಕ್ಷರದ ತೊಡಕು ಕನ್ನಡದಲ್ಲಿ ಹೇಗಿರುತ್ತದೆ ಎಂದು ನೋಡಿ. ವರ್ಣಮಾಲೆ 49 ಎನ್ನುತ್ತೇವೆ, ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೇಡ. ನಾಲ್ಕನೆಯದರಲ್ಲೂ ಪ-ಷ, ಮ-ಯ ಬೇರ್ಪಡದಿದ್ದರೆ, 'ಕಿ' ಬರೆಯುವಲ್ಲಿ 'ಕೆ' ಬರುತ್ತಿದ್ದರೆ ಗಮನಿಸಬೇಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಅರ್ಕಾವೊತ್ತು. 'ಧರ್ಮ' ಎಂಬಲ್ಲಿ ರ್ ಮೊದಲು ಉಚ್ಚಾರವಾಗುತ್ತದೆ, ಆದರೆ ಆ ಕೊಕ್ಕೆಯನ್ನು ಬರೆಯುವುದು 'ಮ' ಆದ ಮೇಲೆ. ಎಡದಿಂದ ಬಲಕ್ಕೆ ಪ್ರಾಮಾಣಿಕವಾಗಿ ಓದುವ ಮಗು 'ಧಮ್ರ' ಎಂದೇ ಓದುತ್ತದೆ, 'ಕರ್ಮ'ವನ್ನು 'ಕ್ರಮ' ಮಾಡುತ್ತದೆ. ಇದು ಗಮನವಿಲ್ಲದ್ದರಿಂದ ಆದ ತಪ್ಪಲ್ಲ, ಲಿಪಿಯ ವರಸೆಯಿಂದ ಆದದ್ದು. ಅರ್ಕಾವೊತ್ತನ್ನು ಕೆಂಪು ಪೆನ್ಸಿಲಿನಲ್ಲಿ ಬರೆದು, ಅದರಿಂದ ಹಿಂದಿನ ಅಕ್ಷರದ ತಲೆಗೆ ಒಂದು ಬಾಣ ಎಳೆದು, ದಿನಕ್ಕೆ ಐದೇ ಪದ ('ಸೂರ್ಯ, ವರ್ಷ, ಮಾರ್ಗ, ಕಾರ್ಯ, ಗರ್ವ') ಓದಿಸಿ. ಒಂದು ವಾರ ಬೇರೆ ಯಾವ ಒತ್ತಕ್ಷರವನ್ನೂ ಬೆರೆಸಬೇಡಿ. ಹತ್ತು ಬಗೆಯ ತಪ್ಪನ್ನು ಒಂದೇ ಸಂಜೆ ತಿದ್ದಲು ಹೋಗುವುದೇ ಮನೆಪಾಠ ಕಣ್ಣೀರಿನಲ್ಲಿ ಮುಗಿಯಲು ದೊಡ್ಡ ಕಾರಣ.

ಲೆಕ್ಕದಲ್ಲೂ ತಪ್ಪು ಉತ್ತರವೇ ದಾರಿ ತೋರಿಸುತ್ತದೆ. 52ರಲ್ಲಿ 28 ಕಳೆದು 36 ಎಂದು ಬರೆದ ಮಗು ಅಡ್ಡಾದಿಡ್ಡಿ ಊಹೆ ಮಾಡಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ತನ್ನದೇ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೈಗೆ ಕೊಟ್ಟು "28 ಕೊಡು" ಎನ್ನಿ. ಒಂದು ನೋಟು ಮುರಿಸದೆ ಸಾಧ್ಯವಿಲ್ಲ ಎಂದು ಅದಕ್ಕೇ ಹೊಳೆಯುತ್ತದೆ. ನಾಲ್ಕು ನೋಟು, ಹನ್ನೆರಡು ನಾಣ್ಯ. 28 ಕೊಟ್ಟ ಮೇಲೆ ಉಳಿಯುವುದು 24. 'ದಶಕ ಕಡ ತರುವುದು' ಎಂಬ ಮಾತನ್ನು ಆಮೇಲೆ ಹೇಳಿದರೆ ಸಾಕು.

ಮನೆಯ ಅಭ್ಯಾಸ ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ. ಹೆಚ್ಚು ಬೇಡ. ಮೊದಲ ಐದು ನಿಮಿಷ ನಿನ್ನೆಯದೇ, ಆಮೇಲೆ ಹತ್ತು ನಿಮಿಷ ಹೊಸದು, ಕೊನೆಯ ಐದು ನಿಮಿಷ ನೀವು ಓದಿ ಮಗು ಕೇಳುವುದು. ಶಾಲೆಯಿಂದ ಬಂದ ಕೂಡಲೇ ಕೂರಿಸಬೇಡಿ. ಪ್ರವಾದಿ ಎಲೀಯನು ಸಾಕಾಗಿ, ಸತ್ತರೆ ಸಾಕು ಎಂದು ಜಾಲಿಗಿಡದ ಕೆಳಗೆ ಬಿದ್ದಾಗ ದೇವದೂತನು ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಎರಡನೆಯ ಸಲವೂ ಊಟ ಕೊಟ್ಟ. ಬೆಟ್ಟದ ದಾರಿ ಆಮೇಲೆ. ಇದು ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿದೆ. ಸಂಜೆ ಐದಕ್ಕೆ ಮಗುವಿಗೆ ಅವಲಕ್ಕಿ, ಅರ್ಧ ಗಂಟೆ ಆಟ, ಆಮೇಲೆ ಪುಸ್ತಕ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನಮಗೆ ಸಿಕ್ಕಿಲ್ಲ.

ಬೆತ್ತದ ವಿಷಯಕ್ಕೆ ಬರಲೇಬೇಕು. ಬೆತ್ತ ಹಿಡಿಯದವನು ಮಗನನ್ನು ದ್ವೇಷಿಸುತ್ತಾನೆ ಎನ್ನುವ ಜ್ಞಾನೋಕ್ತಿ 13:24 ಹಿಡಿದು ಹೊಡೆಯುವ ತಂದೆಯಂದಿರು ಅದೇ ಬೈಬಲಿನ ಕೊಲೊಸ್ಸೆ 3:21ಕ್ಕೆ ಬೆರಳಿಡುವುದಿಲ್ಲ. ತಂದೆಗಳಿರಾ, ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಂದೀತು ಎನ್ನುತ್ತದೆ ಅದು. ಕುರುಬನ ಕೋಲು 23ನೇ ಕೀರ್ತನೆಯಲ್ಲಿ ಕುರಿಗೆ ಧೈರ್ಯ ಕೊಡುವ ವಸ್ತು. ವಾದ ಒತ್ತಟ್ಟಿಗಿರಲಿ. ಸೋಮಾರಿತನಕ್ಕೆ ಹೊಡೆದರೆ ಒಂದು ದಿನವಾದರೂ ಭಯದಿಂದ ಕೂತಾನು. ಅಕ್ಷರ ಬಿಡಿಸಲಾಗದ ಮಗುವಿಗೆ ಹೊಡೆದರೆ ಪುಸ್ತಕ ಕಂಡ ಕೂಡಲೇ ಹೊಟ್ಟೆನೋವು ಬರುತ್ತದೆ, ಆ ಹೊಟ್ಟೆನೋವು ನಾಟಕವೂ ಅಲ್ಲ. ಶಾಲೆಯಲ್ಲಿ ಹೊಡೆಯುವುದನ್ನೂ ಹೀಯಾಳಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮಿಷನ್ ಶಾಲೆಗಳಿಗೆ ಇದನ್ನು ಕಾಯ್ದೆ ತೋರಿಸಿ ಹೇಳಬೇಕಾಗಿ ಬರಬಾರದು.

ಹರಕೆಯ ಬಗ್ಗೆ ಒಂದು ಮಾತು. ಅತ್ತೂರಿಗೋ ವೇಳಾಂಗಣಿಗೋ ಹರಕೆ ಹೊತ್ತುಕೊಳ್ಳಿ, ಬೇಡವೆನ್ನುವವರು ನಾವಲ್ಲ. "ನಿನಗೋಸ್ಕರ ಹರಕೆ ಹೊತ್ತಿದ್ದೇನೆ, ಪಾಸಾಗಲೇಬೇಕು" ಎಂದು ಮಗುವಿನ ಕಿವಿಗೆ ಹಾಕಬೇಡಿ. ನಾಳೆ ಫೇಲಾದರೆ ಆ ಮಗು ಅಪ್ಪ ಅಮ್ಮನಿಗೂ ಸಾಲಗಾರ, ದೇವರಿಗೂ ಸಾಲಗಾರ. ಧರ್ಮಕೇಂದ್ರದ ಗುರುಗಳ ಪಾಲಕಸಂತ ಜಾನ್ ಮರಿಯ ವಿಯಾನ್ನಿ ಲ್ಯಾಟಿನ್ ತಲೆಗೆ ಹತ್ತದೆ ಒದ್ದಾಡಿ 1815ರಲ್ಲಿ ಗುರುದೀಕ್ಷೆ ಪಡೆದವರು. ಈ ಕಥೆಯನ್ನು ಮಗುವಿಗೆ ಹೇಳಬಹುದು, ಆದರೆ 'ನೀನೂ ಹಾಗೇ ಆಗ್ತೀಯ' ಎಂಬ ಬಾಲ ಅಂಟಿಸದೆ. ಅದೂ ಇನ್ನೊಂದು ಹೊರೆಯೇ.

ಆರು ತಿಂಗಳ ಅಭ್ಯಾಸದ ನಂತರವೂ ಓದು ಕದಲದಿದ್ದರೆ ತಜ್ಞರ ಮೌಲ್ಯಮಾಪನ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾ (ಓದು, ಬರಹ, ಲೆಕ್ಕದ ತೊಡಕುಗಳು) ಅದರೊಳಗೆ ಬರುತ್ತವೆ. ಜಿಲ್ಲಾಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ವಿಭಾಗದಲ್ಲಿ ಮೊದಲು ವಿಚಾರಿಸಿ. ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ವೈದ್ಯರ ತಂಡದಿಂದ ಚೀಟಿ ಬರೆಸಿಕೊಂಡು ಹೋದರೆ ಕೆಲಸ ಸುಲಭ. ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷಾಸರಣಿಯೇ ನ್ಯೂನತೆಯ ಪ್ರಮಾಣಪತ್ರಕ್ಕೆ ಆಧಾರ. ಕೈಯಲ್ಲಿ ಇರಬೇಕಾದವು: ಕಣ್ಣು ಮತ್ತು ಕಿವಿಯ ವರದಿ, ಎರಡು ವರ್ಷದ ಅಂಕಪಟ್ಟಿ, ತಿದ್ದದೆ ಬಿಟ್ಟ ನೋಟ್‌ಪುಸ್ತಕ, ತರಗತಿ ಶಿಕ್ಷಕರ ಒಂದು ಪುಟದ ಟಿಪ್ಪಣಿ. ನೋಟ್‌ಪುಸ್ತಕ ಹರಿದಿದೆ, ಕೊಳೆಯಾಗಿದೆ ಎಂದು ಹೊಸದರಲ್ಲಿ ಅಂದವಾಗಿ ಬರೆಸಿ ಒಯ್ಯಬೇಡಿ. ನೋಡಬೇಕಾದದ್ದು ಆ ಕೊಳೆಯ ಪುಟವನ್ನೇ. ಪ್ರಮಾಣಪತ್ರ ಸಿಗುವುದು 8 ವರ್ಷ ತುಂಬಿದ ಮೇಲೆ, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ. ಕಲಿಸುವುದಕ್ಕೆ ಮಾತ್ರ ಯಾವ ಪತ್ರವೂ ಬೇಡ, ಆರನೆಯ ವರ್ಷದಲ್ಲೇ ಶುರುಮಾಡಿ.

ಎಸ್ಸೆಸ್ಸೆಲ್ಸಿಯಲ್ಲಿ ಬರೆಯಲು ಸಹಾಯಕರು, ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳನ್ನು ಶಾಲೆಯ ಮೂಲಕವೇ ಮಂಡಳಿಗೆ ಕೇಳಬೇಕು. ಹತ್ತನೆಯ ತರಗತಿಯ ಜನವರಿಯಲ್ಲಿ ಎದ್ದು ಓಡಾಡುವವರೇ ಹೆಚ್ಚು, ಅಷ್ಟು ಹೊತ್ತಿಗೆ ಹೆಸರು ನೋಂದಣಿ ಮುಗಿದಿರುತ್ತದೆ. ಎಂಟನೆಯ ತರಗತಿಯಲ್ಲೇ ಮುಖ್ಯಶಿಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಪ್ರತಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ 'ಸಹಕರಿಸಿ' ಎಂದು ಬರೆದರೆ ಏನೂ ಆಗುವುದಿಲ್ಲ. ಮುಂದಿನ ಬೆಂಚು, ತಯಾರಿಯಿಲ್ಲದೆ ಗಟ್ಟಿ ಓದಿಸದಿರುವುದು, ಬೋರ್ಡಿನ ಟಿಪ್ಪಣಿಯ ಪ್ರತಿ, ಕಾಗುಣಿತದ ತಪ್ಪಿಗೆ ವಿಜ್ಞಾನದಲ್ಲಿ ಅಂಕ ಕಳೆಯದಿರುವುದು ಎಂದು ಒಂದೊಂದಾಗಿ ಕೇಳಿ.

ಮಗು "ನಾನು ಯಾವುದಕ್ಕೂ ಪ್ರಯೋಜನ ಇಲ್ಲ" ಎನ್ನತೊಡಗಿದರೆ, ಊಟ ನಿದ್ದೆ ಬಿಟ್ಟರೆ, ಇಷ್ಟದ ವಸ್ತುಗಳನ್ನು ಗೆಳೆಯರಿಗೆ ಹಂಚತೊಡಗಿದರೆ ಅಂಕದ ಮಾತು ಅಲ್ಲಿಗೇ ನಿಲ್ಲಿಸಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಮತ್ತೆ ಬರೆಯಬಹುದು, ಉತ್ತಮ ಅಂಕವೇ ಉಳಿಯುತ್ತದೆ ಎಂಬ ವ್ಯವಸ್ಥೆ 2024ರಿಂದ ಬಂದಿದೆ. ಇದನ್ನು ಫಲಿತಾಂಶದ ದಿನ ಹೇಳುವುದಕ್ಕಿಂತ ಪರೀಕ್ಷೆಯ ಹಿಂದಿನ ತಿಂಗಳು ಹೇಳುವುದು ಮೇಲು.

ಇನ್ನು ಸಭಾಪಾಲಕರಿಗೆ, ಧರ್ಮಗುರುಗಳಿಗೆ. ಜೂನ್ ತಿಂಗಳ ಪ್ರತಿಭಾ ಪುರಸ್ಕಾರದಲ್ಲಿ ಶೇ 90 ದಾಟಿದವರನ್ನು ಮಾತ್ರ ವೇದಿಕೆಗೆ ಕರೆದು "ದೇವರು ಆಶೀರ್ವದಿಸಿದ್ದಾರೆ" ಎನ್ನುತ್ತೇವೆ. ಕೊನೆಯ ಸಾಲಿನಲ್ಲಿ ಕೂತ, ಶೇ 38 ಅಂಕದ ಹುಡುಗಿ ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾಳೆ? ತಲಾಂತುಗಳ ಸಾಮ್ಯವನ್ನು (ಯಜಮಾನ ತನ್ನ ಆಳುಗಳಿಗೆ ತಲಾಂತು ಎಂಬ ಹಣ ಒಪ್ಪಿಸಿಹೋದ ದೃಷ್ಟಾಂತ ಕಥೆ, ಮತ್ತಾಯ 25) ಇದೇ ವೇದಿಕೆಯಲ್ಲಿ ಓದುತ್ತೇವೆ. ಅಲ್ಲಿ ಯಜಮಾನ ಐದು, ಎರಡು, ಒಂದು ಎಂದು ಅವರವರ ಸಾಮರ್ಥ್ಯ ನೋಡಿ ಕೊಟ್ಟ. ಲೆಕ್ಕ ಕೇಳುವಾಗ ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಹೇಳಿದ ಶಹಭಾಸ್ ಒಂದೇ. 21ನೇ ವಚನವನ್ನೂ 23ನೇ ವಚನವನ್ನೂ ಅಕ್ಕಪಕ್ಕ ಇಟ್ಟು ನೋಡಿ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ದೇವರು ತನ್ನ ಆತ್ಮದಿಂದ ತುಂಬಿಸಿದೆನೆಂದು ಹೇಳುವುದು ಬೆಚಲೇಲನನ್ನು, ಚಿನ್ನ, ಕಲ್ಲು, ಮರದ ಕೆಲಸಗಾರನನ್ನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆಗಳ ಜೊತೆಗೆ ಮಗ್ಗವನ್ನೂ ಹಾಕಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಿತು. ಅವರ ಮೊಮ್ಮಕ್ಕಳಾದ ನಾವು ಐಟಿಐಗೆ ಹೋಗುವ ಹುಡುಗನ ಹೆಸರನ್ನು ಪ್ರಕಟಣೆಯಲ್ಲಿ ಓದಲು ನಾಚುತ್ತೇವೆ. ಕಳೆದ ವರ್ಷ 20 ಇದ್ದದ್ದನ್ನು ಈ ವರ್ಷ 38 ಮಾಡಿದವಳಿಗೂ ಒಂದು ಬಹುಮಾನ ಇಡಿ, ಅದೇ ಅಳತೆಯ ಫಲಕ ಇರಲಿ.

ಸಂಡೇ ಸ್ಕೂಲಿನಲ್ಲಿ, ಕ್ರಿಸ್ತಶಿಕ್ಷಣ ತರಗತಿಯಲ್ಲಿ, ಮನೆಯ ಸಂಜೆ ಪ್ರಾರ್ಥನೆಯಲ್ಲಿ ಸಾಲಾಗಿ ಒಬ್ಬೊಬ್ಬರು ಒಂದೊಂದು ವಚನ ಓದುವ ಪದ್ಧತಿ ಇದೆ. ಓದು ಬಾರದ ಮಗು ತನ್ನ ಸರದಿ ಎಷ್ಟನೆಯದು ಎಂದು ಎಣಿಸುತ್ತಾ, ಆ ವಚನ ಬರುವ ಹೊತ್ತಿಗೆ ಮೂತ್ರಕ್ಕೆ ಎದ್ದು ಹೋಗುತ್ತದೆ. ಹಾಗಾದಾಗ ಬೈಯಬೇಡಿ, ಪದ್ಧತಿ ಬದಲಿಸಿ. ಅದರ ವಚನವನ್ನು ಎರಡು ದಿನ ಮೊದಲೇ ಗುರುತು ಹಾಕಿ ಕೊಡಿ. ಇಲ್ಲವೇ 136ನೇ ಕೀರ್ತನೆ ತೆಗೆಯಿರಿ. ಅದರ 26 ವಚನಗಳಲ್ಲಿ 26 ಸಲವೂ ಎರಡನೆಯ ಅರ್ಧ ಒಂದೇ: ಆತನ ಕೃಪೆ ಶಾಶ್ವತ ಎಂಬ ಪಲ್ಲವಿ. ಮೊದಲರ್ಧ ದೊಡ್ಡವರು ಓದಲಿ, ಪಲ್ಲವಿ ಮಗು ಓದಲಿ. ಮೂರನೆಯ ಸಲಕ್ಕೇ ಬಾಯಿಗೆ ಬಂದುಬಿಡುತ್ತದೆ. ಅದು ಇನ್ನೂ ಓದಲ್ಲ, ಬಾಯಿಪಾಠ. ಓದಾಗಬೇಕಾದರೆ ಒಂದೊಂದು ಪದವನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಕಲಸಿ ಇಡಿ, ಮಗು ವಾಕ್ಯ ಜೋಡಿಸಲಿ. ಮರುದಿನ ಚೀಟಿಗಳನ್ನು ಹಿಂದಿನಿಂದ ಮುಂದಕ್ಕೆ ತೋರಿಸಿ ಕೇಳಿ. 'ಕೃಪೆ'ಯ ವಟ್ರಸುಳಿಯೂ 'ಶಾಶ್ವತ'ದ ವ-ಒತ್ತೂ ಆ ಚೀಟಿಗಳಲ್ಲೇ ಸಿಗುತ್ತವೆ.

– ಕೆಲವು ಸಂಡೇ ಸ್ಕೂಲ್ ಶಿಕ್ಷಕಿಯರು ಮತ್ತು ವಿಶೇಷ ಶಿಕ್ಷಕರು, ಮಂಗಳೂರು